ದೇವರ ಪಾಲಿನ ಗಾಲಿ

ಒಂಖೆಸ್ಟಸ್,
ಹಿಪ್ಪೊಡ್ರೋಮಿಯಸ್ ಮಾಸ, ಹುಣ್ಣಿಮೆ ಕಳೆದು ಮೂರನೇ ದಿನ

ನನ್ನ ಮುದ್ದು ಮಗಳು ನಿಕಾರೇಟಳಿಗೆ,

ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಅಮ್ಮ ಮೆಲಿಟಾಳೂ ಚೆನ್ನಾಗಿದ್ದಾಳೆ. ನನ್ನನ್ನು ಬೈಯುವ ಶಕ್ತಿಯಂತೂ ದಿನದಿನಕ್ಕೂ ಹೆಚ್ಚುತ್ತಿದೆ. ನೀನು, ಅಳಿಯ ಕ್ಸೆನೋನ್, ನಾನಿನ್ನೂ ಮುಖ ನೋಡದ ಮೊಮ್ಮಗಳು ಗ್ಲೌಕೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀನು ಬರೆದ ಮೂರು ಓಲೆಗಳಿಗೆ ಇದು ನನ್ನ ಮೊದಲ ಉತ್ತರ. ತಡವಾಯಿತು, ತಪ್ಪಾಯಿತು. ರಥಗಳ ಕೆಲಸ ವಿಪರೀತ ಇತ್ತು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯಲು ಹೊರಟಿದ್ದೆ. "ಸುಳ್ಳು ಬರೀಬೇಡಿ, ಹೊರಗೆ ಕೂತು ಹರಟೆ ಹೊಡೀತಿದ್ದೆ ಅಂತ ಬರೀರಿ" ಎಂದಳು ನಿನ್ನ ಅಮ್ಮ. ಹಾಗೇ ಬರೆದಿದ್ದೇನೆ.

ಮಗುವಿಗೆ ಹಲ್ಲು ಬಂತು ಎಂದು ನೀನು ಬರೆದ ದಿನದಿಂದ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಒಂದು ಗಾಲಿಯ ನಡುವಿನಿಂದ ಅಂಚಿಗೆ ಹತ್ತು ಅರೆಕಾಲು ಹಾಕಬೇಕಾದಲ್ಲಿ ಹನ್ನೊಂದು ಕೆತ್ತಿಟ್ಟೆ. "ಬಂದು ನೋಡಿ ಅಪ್ಪ, ಐಗೀನಾ ದ್ವೀಪ ಏನು ಭೂಮಿಯ ಅಂಚಿನಲ್ಲಿದೆಯಾ?" ಎಂದು ನೀನು ಕೇಳಿದ್ದೀಯ. ಬರಬೇಕೆಂಬ ಆಸೆ ಹೊಟ್ಟೆ ತುಂಬ ಇತ್ತು. ಆದರೆ ನಿನ್ನ ಮದುವೆಯ ಊಟದಲ್ಲಿ ದ್ರಾಕ್ಷಾರಸ ಏರಿಸಿ ಊರೆಲ್ಲರ ಮುಂದೆ ಹಾಕಿದ ಆಣೆ ಇತ್ತಲ್ಲ! ನನ್ನ ಕೈಯ ಒಂದು ರಥವನ್ನಾದರೂ ಪೊಸೈಡನ್ ಮುರಿದು ತನ್ನ ಪಾಲು ತೆಗೆದುಕೊಳ್ಳುವವರೆಗೆ ನಾನು ಹಡಗಿಗೆ ಕಾಲಿಡುವುದಿಲ್ಲ ಎಂದು.

ಇದನ್ನು ನಿನ್ನ ಅತ್ತೆಗೆ ಓದಿ ಹೇಳುವಾಗ ಸ್ವಲ್ಪ ಬಿಡಿಸಿ ಹೇಳು. ನಿಮ್ಮ ಕಡೆ ಅವನು ಕಡಲಿನ ದೇವರು. ನಮ್ಮ ತೋಪಿನಲ್ಲಿ ಕುದುರೆಗಳ ಒಡೆಯ. ಹೊಸದಾಗಿ ಪಳಗಿಸಿದ ಕುದುರೆಮರಿಗಳನ್ನು ರಥಕ್ಕೆ ಹೂಡಿ ಅವನ ತೋಪಿನೊಳಗೆ ಬಿಡುತ್ತೇವೆ. ಒಳಗೆ ಹೋದೊಡನೆ ಸಾರಥಿ ಧುಮುಕಿಬಿಡಬೇಕು. ಖಾಲಿ ರಥ ಎಳೆದುಕೊಂಡು ಮರಿಗಳು ತಮ್ಮಿಷ್ಟಕ್ಕೆ ಓಡುತ್ತವೆ. ರಥ ಮರಕ್ಕೆ ಬಡಿದು ಮುರಿಯಿತೋ, ಅದನ್ನು ಗುಡಿಯ ಗೋಡೆಗೆ ಒರಗಿಸಿ ದೇವರಿಗೆ ಬಿಟ್ಟು ಬರಬೇಕು. ಮೂವತ್ತು ವರ್ಷದಲ್ಲಿ ನನ್ನ ಒಂದು ರಥವೂ ಆ ಗೋಡೆ ಕಂಡಿಲ್ಲ. ಆ ಸೊಕ್ಕಿನಲ್ಲೇ ಆಣೆ ಹಾಕಿದ್ದು.

ಹೋದ ತಿಂಗಳು ಭೂಮಿ ಸಣ್ಣಗೆ ನಡುಗಿ ಮನೆಯ ಆಲಿವ್ ಜಾಡಿ ಒಡೆಯಿತು. ಭೂಮಿ ನಡುಗಿಸುವವನೂ ಪೊಸೈಡನ್ನೇ ತಾನೆ. "ನೋಡಿ, ಬರ್ತೀಯೋ ಇಲ್ವೋ ಅಂತ ಅವನೇ ಕೇಳ್ತಿದ್ದಾನೆ" ಎಂದಳು ನಿನ್ನ ಅಮ್ಮ. ಅವನು ಅಷ್ಟು ಸುಲಭಕ್ಕೆ ಸೋಲುವವನಲ್ಲ, ಬಾಯಿಗೆ ಬಂದಂತೆ ಮಾತಾಡಬೇಡ ಎಂದೆ. ಶುರುವಾಯಿತು ನೋಡು!

"ಸೋಲದವನಾ? ಅಥೆನ್ಸ್ ಬೇಕು ಅಂತ ಹೋಗಿ ತ್ರಿಶೂಲದಲ್ಲಿ ಬಂಡೆ ಕುಟ್ಟಿ ಉಪ್ಪುನೀರು ಬರಿಸಿದ. ಯಾರಿಗೆ ಬೇಕು ಉಪ್ಪುನೀರು? ಅಥೀನಾ ದೇವಿ ಒಂದು ಆಲಿವ್ ಗಿಡ ನೆಟ್ಟು ಗೆದ್ದುಬಿಟ್ಲು. ಅರ್ಗೋಸ್ ಊರನ್ನ ಹೀರಾ ದೇವಿಗೆ ಸೋತು, ಸಿಟ್ಟಿಗೆ ಅಲ್ಲಿಯ ಹೊಳೆಯೆಲ್ಲ ಒಣಗಿಸಿದ. ನಮ್ಮ ಮಗಳಿರೋ ಐಗೀನಾನೂ ಜೀಯಸ್‌ಗೆ ಸೋತದ್ದೇ. ಹೋದ ಪಂಚಾಯಿತಿಯಲ್ಲೆಲ್ಲ ಸೋತು ಮುನಿಸ್ಕೊಂಡು ಬಂದವನು ಅವನು. ನೀವೂ ಅವನೂ ಒಂದೇ ಜಾತಿ ಕಣ್ರೀ, ಅದಕ್ಕೇ ಅಷ್ಟು ಸ್ನೇಹ."

ನಾನು ಎದ್ದು ರಥದ ಕೆಲಸಕ್ಕೆ ಹೋದೆ.

ಮೊನ್ನೆ ಕುದುರೆ ವ್ಯಾಪಾರಿ ಮೊರಿಖಸನ ಎರಡು ಮರಿಗಳ ಸರದಿ ಬಂತು. ಅವು ಪಳಗಿಸಿದವನ ಎರಡು ಹಲ್ಲು ಉದುರಿಸಿದ ರಾಕ್ಷಸರು. ರಥ ನನ್ನದು. ಈಗ ನಗಬೇಡ ಮಗಳೇ, ನಿನ್ನ ಅಪ್ಪ ಒಂದು ಕಳ್ಳಕೆಲಸ ಮಾಡಿದ. ಅಚ್ಚಿಗೆ ಕೊಬ್ಬು ಸವರುವ ನೆಪದಲ್ಲಿ ಬಗ್ಗಿ, ಎಡಗಡೆಯ ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕಡಾಣಿ ಕಿತ್ತು, ಆ ತೂತಿಗೆ ಮೇಣ ಮೆತ್ತಿದೆ. ಮೂವತ್ತು ವರ್ಷ ಗಾಲಿ ಬೀಳದಂತೆ ನೋಡಿಕೊಂಡ ಕೈ ಅದು. ಮೊಮ್ಮಗಳನ್ನು ನೆನೆದು ಮಾಡಿಯೇಬಿಟ್ಟೆ.

ಸಾರಥಿ ಧುಮುಕಿದ. ಆ ಹಾಳು ಮರಿಗಳು ಓಡಬೇಕೋ ಬೇಡವೋ? ಮದುಮಗಳ ಹಾಗೆ ತಲೆ ತಗ್ಗಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ, ಮರಗಳನ್ನೆಲ್ಲ ಬಳಸಿಕೊಂಡು ಆಚೆ ಬದಿಯಿಂದ ಹೊರಗೆ ಬಂದವು. ರಥ ಇದ್ದ ಹಾಗೇ ಇತ್ತು. ಜನ ಕೇಕೆ ಹಾಕಿ ನನ್ನ ಬೆನ್ನು ತಟ್ಟಿದರು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ಐಗೀನಾ ಕೈತಪ್ಪಿ ಹೋಯಿತಲ್ಲ!

ಮೊರಿಖಸನಿಗೆ ಮಾತ್ರ ಎಲ್ಲಿಲ್ಲದ ಖುಷಿ. "ನೋಡ್ರೋ, ಇದು ರಥ ಅಂದ್ರೆ! ದೇವರ ಕೈಲೂ ಆಗ್ಲಿಲ್ಲ!" ಎನ್ನುತ್ತಾ ಹತ್ತಿ ನಿಂತು, ಒಂದು ಕಡೆ ಸರೋವರಕ್ಕೂ ಇನ್ನೊಂದು ಕಡೆ ತೋಪಿಗೂ ಇಳಿಯುವ ದಿಬ್ಬದ ಮೇಲಕ್ಕೆ ಮರಿಗಳನ್ನು ಹೊಡೆದ. ಹತ್ತು ಮಾರು ಹೋಗಿರಲಿಲ್ಲ, ಮೇಣ ಕಿತ್ತುಬಂತು. ರಥ ಮಗುಚಿತು. ಮೊರಿಖಸ್ ಸೀದಾ ಹಾವುಮೀನು ಮಾರುವವಳ ತೊಟ್ಟಿಯೊಳಗೆ! ಅವಳು, "ಎದ್ದೇಳೋ, ನನ್ನ ಮೀನು ಸಾಯ್ತವೆ!" ಎಂದು ಸೌಟಿನಲ್ಲಿ ಅವನ ತಲೆಗೇ ಬಾರಿಸಿದಳು. ಅಷ್ಟರಲ್ಲಿ ಬಿಡಿಗಾಲಿ ಇಳಿಜಾರಿನಲ್ಲಿ ಉರುಳುತ್ತಾ ಉರುಳುತ್ತಾ, ತೋಪಿನ ಗಡಿಕಲ್ಲು ದಾಟಿ ಒಳಗೆ ಹೋಗಿ, ಗುಡಿಯ ಮೆಟ್ಟಿಲಿಗೆ ಬಡಿದು ಬಿತ್ತು. ಆಮೇಲೆ ಪೂಜಾರಿ ಸಾಮಿಕಸ್ ಎರಡೂ ಕೈ ಮೇಲೆತ್ತಿ ನನ್ನ ಹೆಸರು ಹಿಡಿದು ಕೂಗುತ್ತಾ ಕುಣಿದ, ಎಪ್ಪತ್ತು ವರ್ಷದ ಮುದುಕ! "ಬಂತು! ಕಫಿಸಿಯಸನ ಮನೆಯ ಪಾಲು ಬಂತು!"

ದೇವರಿಗೆ ಮೋಸ ಮಾಡಿ ಅವನ ಕಡಲಿಗೇ ಹೇಗೆ ಇಳಿಯಲಿ? ಪೂಜಾರಿಯನ್ನು ಪಕ್ಕಕ್ಕೆ ಕರೆದೆ. "ಪೂಜಾರಿಗಳೇ, ಒಂದು ವಿಷಯ..."

"ಕಡಾಣಿ ವಿಷಯಾನಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಅಯ್ಯೋ ಮಾರಾಯ, ಬೆಳಗಿಂದ ಅದನ್ನ ಸೊಂಟಪಟ್ಟಿಗೆ ಸಿಕ್ಕಿಸ್ಕೊಂಡು ಓಡಾಡ್ತಿದ್ದೀಯಲ್ಲೋ! ಮೊರಿಖಸ್ ಒಬ್ಬನ್ನ ಬಿಟ್ಟು ಊರೆಲ್ಲ ನೋಡಿದೆ. ಮೊಮ್ಮಗುನ ನೋಡೋಕೆ ಹೋಗ್ಲಿ ಪಾಪ ಅಂತ ಎಲ್ಲರೂ ಸುಮ್ಮನಿದ್ವಿ."

ಮುಟ್ಟಿ ನೋಡಿಕೊಂಡೆ. ಹೌದು, ಅಲ್ಲೇ ಇತ್ತು. ನಾಚಿಕೆಯಿಂದ ಕಿವಿಯೆಲ್ಲ ಕೆಂಪಾಯಿತು. "ಹಾಗಾದ್ರೆ ದೇವರಿಗೆ ಕೋಪ ಬರಲ್ವಾ?"

"ಕೋಪ ಬಂದಿದ್ರೆ ಗಾಲಿ ಸರೋವರದ ಕಡೆ ಹೋಗ್ತಿತ್ತು. ನಿನ್ನ ಮೋಸ ಬೇಡ ಅಂತ ಒಳಗೆ ಮುರೀಲಿಲ್ಲ. ನೀನು ಹೋಗ್ಬೇಕು ಅಂತ ಹೊರಗಿಂದ ಗಾಲಿನ ಕರೆಸ್ಕೊಂಡ. ಇನ್ನು ಸುಮ್ಮನೆ ಹಡಗು ಹತ್ತು."

ಹೀಗಾಗಿ ನಾವಿಬ್ಬರೂ ಬರುತ್ತಿದ್ದೇವೆ! ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಪಿರೇಯಸ್ ಬಂದರಿನಲ್ಲಿ ಮೊದಲು ಸಿಕ್ಕ ಹಡಗು. ನಿನ್ನ ಅಮ್ಮ ಹೊಗೆ ಹಾಕಿದ ಹಾವುಮೀನನ್ನು ಈಗಲೇ ಬುಟ್ಟಿಗೆ ತುಂಬಿದ್ದಾಳೆ. ಮನೆಯೆಲ್ಲ ಅದೇ ವಾಸನೆ. ನಾನು ಗ್ಲೌಕೆಗೆ ಎಳೆದಾಡುವ ಪುಟ್ಟ ಕುದುರೆಗಾಡಿ ಮಾಡಿದ್ದೇನೆ. ಅದಕ್ಕೆ ನಾಲ್ಕು ಕಡಾಣಿಗಳನ್ನೂ ಹಾಕಿದ್ದೇನೆ, ಕ್ಸೆನೋನನಿಗೆ ಹೇಳು, ಇಲ್ಲದಿದ್ದರೆ ನಗುತ್ತಾನೆ.

ನಿನ್ನ ಒಲೆ ಆರದಿರಲಿ. ನಿನ್ನ ಗಂಡನ ಹಡಗು ಎಂದೂ ದಡ ತಪ್ಪದಿರಲಿ. ಮಗುವಿನ ಹಲ್ಲು ನೋವಿಲ್ಲದೆ ಬರಲಿ. ಕಡಲನ್ನೂ ನೆಲವನ್ನೂ ಹಿಡಿದಿರುವವನು ನಿಮ್ಮನ್ನು ಕಾಯಲಿ.

ನಿನ್ನ ಅಪ್ಪ,
ಕಫಿಸಿಯಸ್

ಇನ್ನೊಂದು ಮಾತಿದೆ, ಇದನ್ನು ನೀನೊಬ್ಬಳೇ ಓದಿಕೋ. ಕಡಲು ಕಂಡರೆ ಭಯ ಎಂದು ಹೇಳಿ ನಾಲ್ಕು ವರ್ಷದ ಹಿಂದೆ ನಿನ್ನನ್ನು ಬಂದರಿಗೆ ಬಿಡಲು ನಾನು ಬರಲಿಲ್ಲವಲ್ಲ, ಅದು ಸುಳ್ಳು. ಕಡಲಿನ ಭಯ ನನಗೆ ಎಂದೂ ಇರಲಿಲ್ಲ. ನಿಮ್ಮ ಗಾಡಿಯ ಹಿಂದೆ ದೂರದಲ್ಲಿ ನಡೆದುಕೊಂಡು ನಾನೂ ಪಿರೇಯಸ್‌ವರೆಗೆ ಬಂದಿದ್ದೆ. ಹಗ್ಗದ ರಾಶಿಯ ಹಿಂದೆ ನಿಂತಿದ್ದೆ. ಹಡಗು ಬಿಡುವಾಗ ನೀನು ದಡದಲ್ಲಿದ್ದ ಒಂದೊಂದು ಮುಖವನ್ನೂ ಹುಡುಕಿದೆ, ಆಮೇಲೆ ಕ್ಸೆನೋನನ ಹೆಗಲಿಗೆ ಮುಖವಿಟ್ಟು ಅತ್ತೆ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಕೈ ಎತ್ತಿದ್ದರೆ ನಿನಗೆ ಕಾಣುತ್ತಿತ್ತು. ಎತ್ತಿದರೆ "ಹೋಗಬೇಡ" ಎಂದು ಕೂಗಿಬಿಡುತ್ತೇನೆಂದು ಎತ್ತಲಿಲ್ಲ. ನಿನ್ನನ್ನು ಬಿಟ್ಟು ಬರುವ ಆ ದಾರಿಯನ್ನು ಇನ್ನೊಮ್ಮೆ ನಡೆಯಲಾರದೆ ಇಷ್ಟು ವರ್ಷ ಎಲ್ಲವನ್ನೂ ದೇವರ ತಲೆಗೆ ಕಟ್ಟಿದೆ. ಅವನ ಹತ್ತಿರ ಕ್ಷಮೆ ಕೇಳಿಯಾಯಿತು, ಈಗ ನಿನ್ನ ಹತ್ತಿರ ಕೇಳುತ್ತಿದ್ದೇನೆ. ನಾವು ಊರಿಗೆ ಹಿಂದಿರುಗುವ ದಿನ ನೀನು ಬಂದರಿಗೆ ಬಾ. ಹಡಗು ಕಣ್ಮರೆಯಾಗುವವರೆಗೆ ನಾನು ಕೈ ಇಳಿಸುವುದಿಲ್ಲ.