ಹದಿಮೂರನೆಯ ಐನೂರು

9ನೇ ತಾರೀಖು, ಸೋಮವಾರ
ಪ್ರೆಸ್ಸಿನ ಹಿಂದಿನ ಕೋಣೆಯಿಂದ

ಪ್ರೀತಿಯ ತಂಗಿ,

ನೀನು, ಭಾವನವರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳೂ ತಲುಪಿ ಆರು ವಾರವಾಯಿತು. ಅಣ್ಣ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯಿ, ಆ ಹಕ್ಕು ನಿನಗಿದೆ. ಮೂರು ಸಲ ಶುರು ಮಾಡಿದೆ, ಮೂರು ಸಲವೂ ಹರಿದೆ. ಮಂತ್ರಿಗಳ ಭಾಷಣದ ಕರಡನ್ನು ನಿಂತ ಕಾಲಲ್ಲೇ ತಿದ್ದಿ ಕಳಿಸುವವನಿಗೆ ಒಡಹುಟ್ಟಿದವಳಿಗೊಂದು ಪತ್ರ ಬರೆಯಲು ಇಷ್ಟು ಕಾಗದ ಹಾಳಾಗಿದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಶಾಯಿ ಡಬ್ಬ ತರುವ ಲಾರಿ ಡ್ರೈವರ್ ನಾಳೆ ಗಡಿ ದಾಟುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅಂಚೆ ಕಚೇರಿಯಲ್ಲಿ ಪತ್ರ ಒಡೆದು ಓದುವ ಪದ್ಧತಿ ಹಳೆಯ ಅಧ್ಯಕ್ಷನ ಜೊತೆ ದೇಶ ಬಿಟ್ಟು ಓಡಲಿಲ್ಲ. ಓದುವವರ ಕುರ್ಚಿಗೆ ಹೊಸ ದಿಂಬು ಬಂದಿದೆ, ಅಷ್ಟೆ.

ನಿನ್ನ ಅತ್ತಿಗೆ ಎದ್ದು ಓಡಾಡುತ್ತಿದ್ದಾಳೆ. ಏನು ಹೇಳಿದರೂ "ಆಯ್ತು" ಎನ್ನುತ್ತಾಳೆ. ಅದೇ ಭಯ. ನೀನು 'ತಕರಾರು' ಎಂದು ಹೆಸರಿಟ್ಟ ನಮ್ಮ ಮಗಳು ಚೌಕದಲ್ಲಿ ಗುಂಡು ತಗುಲಿ ಹೋದ ಮೇಲೆ, ಈ ಐದು ತಿಂಗಳಲ್ಲಿ, ನಮ್ಮ ಮನೆಯಲ್ಲಿ ಯಾವ ಮಾತಿಗೂ ಎದುರು ಮಾತು ಹುಟ್ಟಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಅಣ್ಣಾ, ಇಲ್ಲಿಯವರು ನಿಮ್ಮಲ್ಲಿ ಕೈ ಹಾಕಿದ್ದು ನಿಜವಾ?" ಎಂದು ಕೇಳಿದ್ದೀಯ. ಅದರ ಕೆಳಗೆ ಭಾವನವರು ತಮ್ಮ ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಪಕ್ಕದ ಮನೆಗೆ ಬೆಂಕಿ ಬಿದ್ದಾಗ ನೀರು ತಂದು ಸುರಿಯುವುದು ತಪ್ಪೇ?" ರಾಜ್ಯಶಾಸ್ತ್ರ ಕಲಿಸುವವರಿಗೆ ನಾನೇನು ಹೇಳಲಿ. ತಪ್ಪಲ್ಲ. ಆದರೆ ನೀರು ತಂದವನು ಬೆಂಕಿಗಿಂತ ಆರು ದಿನ ಮುಂಚೆ ಬಂದಿದ್ದರೆ? ಬರುವಾಗ ಸತ್ತವರ ಹೆಸರು ಬರೆಯಲು ಹಲಗೆಯನ್ನೂ ತಂದಿದ್ದರೆ? ಇದನ್ನು ಭಾವನವರಿಗೆ ಓದಿ ಹೇಳು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಒರೆಸಲಿ.

ಮೊದಲು ನಿನ್ನೆಯ ಕಥೆ ಕೇಳು. ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಚರ್ಚೆ ಏರ್ಪಡಿಸಿದ್ದರು: 'ಸರ್ಕಾರ ಬದಲಾದದ್ದು ಜನರಿಂದಲೋ ಹೊರಗಿನವರಿಂದಲೋ'. ಭಿತ್ತಿಪತ್ರ ಅಚ್ಚಾದದ್ದು ನನ್ನಲ್ಲೇ. ಮುಂದಿನ ಸಾಲಿನ ಕುರ್ಚಿಗಳಿಗೆ ಅಂಟಿಸಿದ್ದ 'ಹುತಾತ್ಮರ ಕುಟುಂಬ' ಎಂಬ ಚೀಟಿಗಳೂ ನನ್ನವೇ. ನನ್ನ ಚೀಟಿಯ ಮೇಲೆ ನಾನೇ ಹೋಗಿ ಕೂತೆ.

ಹಳೆಯ ಪಕ್ಷದ ವಕೀಲರು ಎದ್ದರು. "ಈ ಕ್ರಾಂತಿ ಆಮದು ಸರಕು ಸ್ವಾಮಿ! ಪ್ಯಾಕಿಂಗ್ ಸಮೇತ ಹೊರಗಿಂದ ಬಂತು. ಪಾಪ, ನಮ್ಮ ಮಕ್ಕಳ ತಲೆ ಕೆಡಿಸಿ ಮುಂದೆ ನಿಲ್ಲಿಸಿದ್ರು!"

ಹೊಸ ಸರ್ಕಾರ ಮೆಚ್ಚಿದ ಪ್ರೊಫೆಸರ್ ಮೇಜು ಗುದ್ದಿದರು. "ಹುತಾತ್ಮರನ್ನ ಕೂಲಿಯವರು ಅಂತೀರಾ? ಇಲ್ಲೇ ಕೂತಿದ್ದಾರೆ ಒಬ್ಬ ತಂದೆ. ಅವರ ಮುಖ ನೋಡ್ಕೊಂಡು ಹೇಳಿ ಆ ಮಾತು!"

ಇನ್ನೂರು ಜನ ನನ್ನ ಮುಖ ನೋಡಿದರು. ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ. ನನ್ನ ಪಕ್ಕದಲ್ಲಿ ನಮ್ಮ ಪ್ರೆಸ್ಸಿನ ಮೊಳೆ ತಾತ ಕೂತಿದ್ದರು. ನಲವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು, ನಿನಗೆ ನೆನಪಿರಬೇಕು. ಅವರು ಮೊಣಕಾಲು ಹಿಡಿದುಕೊಂಡು ಎದ್ದು, "ಆ ಹುಡುಗಿ ಇದ್ದಿದ್ರೆ ನಿಮ್ಮಿಬ್ರನ್ನೂ ಐದು ನಿಮಿಷ ಮಾತಾಡೋಕೆ ಬಿಡ್ತಿರಲಿಲ್ಲ. ಕೂತ್ಕೊಳ್ರಪ್ಪಾ ಸಾಕು" ಎಂದರು. ಜನ ನಕ್ಕರು. ವಕೀಲರೂ ಪ್ರೊಫೆಸರೂ ಒಟ್ಟಿಗೇ ನಕ್ಕರು. ಚಹಾದ ಹೊತ್ತಿಗೆ ಇಬ್ಬರೂ ಒಂದೇ ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಳ್ಳುತ್ತ, "ನಿಮ್ಮ ಪಾಯಿಂಟ್ ಚೆನ್ನಾಗಿತ್ತು" ಎಂದು ಬೆನ್ನು ತಟ್ಟಿಕೊಂಡರು. ನಾನು ಚಹಾ ಲೋಟವನ್ನು ಅಲ್ಲೇ ಇಟ್ಟೆ. ಮೆಟ್ಟಿಲಿಳಿದು ಗೋಡೆಗೊರಗಿ ನಿಂತೆ.

ಇಬ್ಬರಿಗೂ ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಪೂರ್ತಿ ಬೇಡವಾದದ್ದು, ನನ್ನ ಕಪಾಟಿನಲ್ಲಿದೆ. ನಮ್ಮಲ್ಲಿ ಯಾವ ಕೆಲಸ ಬಂದರೂ ಒಂದು ಕಂದು ಕವರ್ ಮಾಡುತ್ತೇವೆ. ಗಿರಾಕಿಯ ಆರ್ಡರು, ತಿದ್ದಿದ ಕರಡು, ಮಾದರಿಗೆ ಒಂದು ಹಾಳೆ, ಎಲ್ಲ ಅದರೊಳಗೆ. ಅಚ್ಚಾದ ಪ್ರತಿ ಹಾಳೆಯ ತಳದಲ್ಲೂ ಇರುವೆಯಂಥ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಕವರಿನ ನಂಬರು, ಅಚ್ಚಾದ ತಾರೀಖು. ಕಾನೂನು ಕೇಳುತ್ತದೆ, ಜನ ಓದುವುದಿಲ್ಲ.

ಮಗಳು ಹೋದ ತಿಂಗಳ 3ನೇ ತಾರೀಖು ಒಬ್ಬ ಗಿರಾಕಿ ಬಂದ. ಇಸ್ತ್ರಿ ಮಾಡಿದ ಅಂಗಿ, ಧೂಳು ಕಾಣದ ಷೂ. ಕಾಗದ ತಾನೇ ತಂದಿದ್ದ. ಎರಡು ಬೆರಳಲ್ಲಿ ಉಜ್ಜಿ ನೋಡಿದೆ. ನಿಮ್ಮ ದೇಶದ್ದು, ಅಂಗಡಿಯಲ್ಲಿ ಮಾರದ ಜಾತಿ, ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಮಾತ್ರ ಹೋಗುವಂಥದ್ದು. ನನಗೆ ಹೇಗೆ ಗೊತ್ತೆಂದರೆ, ಭಾವನವರು ಕಾಲೇಜಿನಿಂದ ಮನೆಗೆ ತರುವುದೂ, ನೀನು ನನಗೆ ಪತ್ರ ಬರೆಯುವುದೂ ಅದೇ ಕಾಗದ. ಅವನಿಗೆ ಬೇಕಾದದ್ದು ಇಷ್ಟೇ: ಸುತ್ತ ಕಪ್ಪು ಅಂಚು, ಮೇಲೆ 'ನಿನ್ನನ್ನು ಮರೆಯೆವು', ನಡುವೆ ಫೋಟೋಗೆ ಖಾಲಿ ಚೌಕ, ಕೆಳಗೆ ಹೆಸರಿಗೆ ಖಾಲಿ ಜಾಗ.

"ಫೋಟೋ, ಹೆಸರು ಯಾವಾಗ ಕೊಡ್ತೀರಿ ಸಾರ್?"

"ಆಮೇಲೆ. ಒಂದೊಂದೇ ಬರುತ್ತೆ."

ಪ್ರಮಾಣಪತ್ರ, ಕ್ಯಾಲೆಂಡರ್ ಎಲ್ಲ ಹೀಗೇ ಮಾಡುವುದು. ಚೌಕಟ್ಟು ಮೊದಲು, ಹೆಸರು ಆಮೇಲೆ. ಅವತ್ತೇ ಚೌಕಟ್ಟನ್ನೆಲ್ಲ ಅಚ್ಚು ಹಾಕಿಸಿದೆ. ಯಾವುದೋ ಕಚೇರಿಯಲ್ಲಿ ನಿವೃತ್ತಿಯವರಿಗೆ ಬೀಳ್ಕೊಡುಗೆ ಇರಬೇಕೆಂದುಕೊಂಡೆ. ಯಾತಕ್ಕೆ ಎಂದು ಗಿರಾಕಿಯನ್ನು ಕೇಳಬಾರದು, ಎಷ್ಟು ಎಂದು ಮಾತ್ರ ಕೇಳಬೇಕು. ಈ ಬುದ್ಧಿಯಿಂದಲೇ ಅಲ್ಲವೇ ಗುಡಿಸುವ ಕೆಲಸಕ್ಕೆ ಸೇರಿದವನು ಯಜಮಾನನಾದದ್ದು!

ಅದೇ ದಿನ ಮಧ್ಯಾಹ್ನ ಅವಳೂ ಪ್ರೆಸ್ಸಿಗೆ ಬಂದಿದ್ದಳು. "ಅಪ್ಪಾ, ಬೋರ್ಡ್ ಬರೆಯೋಕೆ ಕಾಗದ ಕೊಡು."

"ಆ ಚೌಕಕ್ಕೆ ಹೋಗೋಕಾ? ಕೊಡಲ್ಲ."

"ಕೊಡಲ್ಲ ಅಂತ ಬರೆದುಕೊಡು, ಅದನ್ನೇ ಹಿಡ್ಕೊಂಡು ನಿಲ್ತೀನಿ."

ಕಾಗದದ ರೀಮಿಗೆ ಸುತ್ತಿ ಬಂದ ಕಂದು ಹೊದಿಕೆಯೊಂದನ್ನು ಎಸೆದೆ. ನನ್ನ ಕುಂಚದಲ್ಲೇ 'ನನ್ನ ತಕರಾರಿದೆ' ಎಂದು ಬರೆದುಕೊಂಡು ಹೋದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಂಗಿ. ನಾಲ್ಕನೇ ವಯಸ್ಸಿನಲ್ಲಿ ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿಕೊಂಡು ನಿನ್ನ ಜೊತೆ ವಾದಿಸಿದವಳಿಗೆ ಯಾವ ದೇಶದವರು ಪಾಠ ಹೇಳಬೇಕು? ಹಳೆಯ ಅಧ್ಯಕ್ಷ ಪತ್ರಿಕೆಗಳಿಗೆ ಬೀಗ ಹಾಕಿದ, ಅವಳ ಮೇಷ್ಟರನ್ನು ಒಳಗೆ ಹಾಕಿದ, ಅವಳು ಹೋದಳು. ಗುಂಡು ಹಾರಿಸಿದವನೂ ಇಲ್ಲಿಯವನೇ.

9ನೇ ತಾರೀಖಿನಿಂದ ಸಾವು ಶುರುವಾಯಿತು. ಮಾರನೆಯ ದಿನದಿಂದ ಆ ಷೂ ಮನುಷ್ಯ ಫೋಟೋಗಳನ್ನು ತಂದ. ಆಗ ತಿಳಿಯಿತು ಆ ಖಾಲಿ ಚೌಕ ಯಾರಿಗೆಂದು. ತಿಳಿದ ಮೇಲೂ ಮಾಡಿದೆ. ಸತ್ತವರಿಗೆ ಗೌರವ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. 13ಕ್ಕೆ ಅವಳು. 14ಕ್ಕೆ ಅಧ್ಯಕ್ಷ ಓಡಿದ. ಆ ದಿನ ನಾನು ಅವಳ ದೇಹಕ್ಕೆ ಕಾಯುತ್ತ ಆಸ್ಪತ್ರೆಯಲ್ಲಿದ್ದೆ. ಅವಳ ಹಾಳೆಯನ್ನು ನಮ್ಮ ಮೆಷಿನ್ ನಡೆಸುವವನು ಅಳುತ್ತಲೇ ಅಚ್ಚು ಹಾಕಿದನಂತೆ. ಎರಡು ದಿನದ ಮೇಲೆ ಪ್ರೆಸ್ಸಿನೆದುರಿನ ಗೋಡೆಯಲ್ಲಿ ನೋಡಿದೆ. ಮುಖ ನೋಡಲಾಗದೆ ಕಣ್ಣು ಕೆಳಗಿಳಿಸಿದರೆ, ತಳದಲ್ಲಿ ನನ್ನ ಪ್ರೆಸ್ಸಿನ ಹೆಸರು, 3ನೇ ತಾರೀಖು. ಅವಳು ಕಾಗದ ಕೇಳಿ ಜಗಳವಾಡಿದ ದಿನ.

ಆ ತಾರೀಖನ್ನು ಈಗ ಬೇರೆಯವರೂ ಓದಿಬಿಟ್ಟಿದ್ದಾರೆ. ವಿಚಾರಣಾ ಆಯೋಗ ಕೂತಿದೆ, ಗುರುವಾರ ಕವರ್ ತೆಗೆದುಕೊಂಡು ಬಾ ಎಂದು ನನಗೆ ನೋಟಿಸು ಬಂದಿದೆ. ವಕೀಲರು ಗ್ರಂಥಾಲಯದ ಮೆಟ್ಟಿಲ ಮೇಲೇ ತೋಳು ಹಿಡಿದರು. "ಕವರ್ ಇಟ್ಟುಬಿಡಿ ಸಾರ್. ಬೋರ್ಡು ಗೀರ್ಡು ಅಂತ ಬೇರೆ ಕಥೆ ಹೇಳೋಕೆ ಹೋಗ್ಬೇಡಿ." ಇವತ್ತು ಬೆಳಿಗ್ಗೆ ಹೊಸ ಮಂತ್ರಿಯ ಕಾರ್ಯದರ್ಶಿ ಪ್ರೆಸ್ಸಿಗೇ ಬಂದರು.

"ಹಳೇ ಕವರ್ ಎಲ್ಲಿರುತ್ತೆ ಯಜಮಾನ್ರೇ. ಇಲಿ ತಿಂದಿರುತ್ತೆ."

"ನಮ್ಮ ಪ್ರೆಸ್ಸಲ್ಲಿ ಇಲಿ ಇಲ್ಲ ಸಾರ್."

"ಬರುತ್ತೆ" ಎಂದರು. ಬಾಗಿಲಿನ ಬೀಗವನ್ನು ಒಮ್ಮೆ ಎತ್ತಿ ನೋಡಿ ಹೋದರು.

ಒಬ್ಬನಿಗೆ ಮಗಳಿಲ್ಲದ ಕವರ್ ಬೇಕು, ಇನ್ನೊಬ್ಬನಿಗೆ ಕವರಿಲ್ಲದ ಮಗಳು ಬೇಕು. ಥೂ.

ನಾನು ಗುರುವಾರ ಹೋಗುತ್ತೇನೆ. ಒಂದು ಕೈಯಲ್ಲಿ ಕವರ್, ಇನ್ನೊಂದು ಕೈಯಲ್ಲಿ ಅವಳು 'ನನ್ನ ತಕರಾರಿದೆ' ಎಂದು ಬರೆದ ಕಂದು ಕಾಗದ. ನಿಮ್ಮ ಕಡೆಯವರು ಕೈ ಹಾಕಿದ್ದು ನಿಜ, ಅವಳು ತಾನಾಗಿ ಹೋದದ್ದೂ ನಿಜ. ಎರಡನ್ನೂ ಹೇಳಿ ಬರುತ್ತೇನೆ. ಆಮೇಲೆ ಪ್ರೆಸ್ಸಿಗೆ ಬೀಗ ಬಿದ್ದರೆ ಬೀಳಲಿ, ಗುಡಿಸಲು ನನಗೆ ಇನ್ನೂ ಬರುತ್ತದೆ. ಭಾವನವರ ಕೆಲಸಕ್ಕೆ ಇದರಿಂದ ತೊಂದರೆಯಾದರೆ ಅಣ್ಣನನ್ನು ಕ್ಷಮಿಸು. ಕವರಿನಲ್ಲಿ ನನ್ನ ಕೈಬರಹದ ಚೀಟಿಯೊಂದಿದೆ, ಕಾಲು ಹಿಂದೆ ಎಳೆಯುತ್ತಿರುವುದು ಅದೊಂದೇ. ಧೈರ್ಯ ಬಂದರೆ ಕೆಳಗೆ ಬರೆಯುತ್ತೇನೆ.

ಮಕ್ಕಳು ಎದುರು ಮಾತಾಡಿದರೆ ಹೊಡೆಯಬೇಡ. ನಿನ್ನ ಮನೆ ತುಂಬ ಜಗಳವಾಡುತ್ತ ನೂರು ಕಾಲ ಬಾಳಲಿ.

ನಿನ್ನ
ಅಣ್ಣ

ವಿ.ಸೂ.: ಅವನು ಕೇಳಿದ್ದು ಆರು ಸಾವಿರ ಹಾಳೆ. ಹೆಸರಿಗೆ ಐನೂರರಂತೆ ಹನ್ನೆರಡು ಹೆಸರಿಗೆ. ನಾನು ಅಂಗಡಿಯ ನಗು ನಕ್ಕು, "ಇನ್ನೊಂದು ಐನೂರು ಹೆಚ್ಚಿಗೆ ಹಾಕಿಸಿಬಿಡಿ ಸಾರ್, ಆಮೇಲೆ ಒಂದು ಹೆಸರು ಜಾಸ್ತಿಯಾದ್ರೆ ಮತ್ತೆ ಮೊದಲಿಂದ ಮೆಷಿನ್ ಕಟ್ಬೇಕು" ಎಂದೆ. ಅವನು ಸ್ವಲ್ಪ ಯೋಚಿಸಿ, "ಹೌದಲ್ಲ, ಇರಲಿ" ಎಂದ. '500 ಹೆಚ್ಚು, ನನ್ನ ಸಲಹೆಯಂತೆ' ಎಂದು ಚೀಟಿಯಲ್ಲಿ ಬರೆದು ಸಹಿ ಮಾಡಿದ್ದೇನೆ. 13ರ ಮಧ್ಯಾಹ್ನಕ್ಕೆ ಹನ್ನೆರಡು ಹೆಸರೂ ಮುಗಿದಿದ್ದವು. ಅವಳ ಮುಖ ಅಚ್ಚಾದದ್ದು ಆ ಹೆಚ್ಚಿನ ಐನೂರರ ಮೇಲೆ. ಕಾಗದ ಗುಂಡು ಹಾರಿಸುವುದಿಲ್ಲ, ಗೊತ್ತು. ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಆ ಚೀಟಿಯೊಂದನ್ನು ಹರಿದರೆ ಕವರಿನ ಉಳಿದ ಸಾಕ್ಷ್ಯವೆಲ್ಲ ಹಾಗೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹರಿದಿಲ್ಲ. ಗುರುವಾರ ಅದನ್ನು ಗಟ್ಟಿಯಾಗಿ ಓದುತ್ತಾರೆ, ನಿನ್ನ ಅತ್ತಿಗೆ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಅವಳಿಗೆ ಅಷ್ಟರೊಳಗೆ ನಾನೇ ಹೇಳಬೇಕು. ಅವಳು ಅದಕ್ಕೂ "ಆಯ್ತು" ಎಂದುಬಿಟ್ಟರೆ ಏನು ಮಾಡಲಿ? ನಿನಗೆ ಮೊದಲು ಹೇಳಿ ಬಾಯಿ ಪಳಗಿಸಿಕೊಳ್ಳುತ್ತಿದ್ದೇನೆ.