ಬೆಕ್ಕಿನ ಮೀಸೆಯ ಪರೀಕ್ಷೆ

ಭಾನುವಾರ, ಬೆಳಗಿನ ಕಾಫಿ ಮುಗಿಸಿ

ಎಡಿಟರ್ ಸಾಹೇಬರೇ,

ಹೀಗೆ ಕರೆದರೆ ನಿನಗೆ ಮೈ ಉರಿಯುತ್ತದೆ ಎಂದು ಗೊತ್ತು, ಅದಕ್ಕೇ ಕರೆದೆ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಇಳಿಯುತ್ತೇವೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಪೂರ್ತಿ ಓದು.

ನೀನು ಹೇಳಿ ಕಳಿಸಿದ್ದು ತಲುಪಿದೆ. ಹೊಸ ಸ್ಟುಡಿಯೋದಲ್ಲಿ ನನಗಾಗಿ ಒಂದು ಮ್ಯಾಕ್ ತಂದಿಟ್ಟಿದ್ದೀಯ, ಬೇಕಾದ ಸಾಫ್ಟ್‌ವೇರ್ ಎಲ್ಲ ಅದರಲ್ಲಿದೆ, ನಾನು ಬಂದು ಕೂತರೆ ಸಾಕು. ಬರಲು ಇಷ್ಟವಿಲ್ಲದಿದ್ದರೆ ಬೆಕ್ಕಿನ ಸಿನಿಮಾವನ್ನು ನೀನೇ ಮುಗಿಸಿಕೊಡುತ್ತೀಯ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀಯ, ಅದರಲ್ಲಿ ಅನುಮಾನವಿಲ್ಲ. ಆದರೆ ಮಕ್ಕಳ ಗ್ರಂಥಾಲಯದ ಮೇಡಂ ಈ ಸಲ ಕೆಲಸ ಕೊಟ್ಟಿರುವುದು ನಮ್ಮ ಸ್ಟುಡಿಯೋಗಲ್ಲ, ನನಗೆ. ಅವರ ಹೊಸ ಓದುವ ಕೋಣೆಯ ಗೋಡೆಯ ಮೇಲೆ ಓಡಬೇಕಾದದ್ದು ನಾನು ಬಿಡಿಸಿದ, ನಾನು ನಡೆಸಿದ ಬೆಕ್ಕು, ನನ್ನ ಗುಂಡ. ನೀನು ಮುಗಿಸಿಕೊಟ್ಟರೆ ಸಿನಿಮಾ ಚೆನ್ನಾಗಿಯೇ ಆಗುತ್ತದೆ. ನಾನು ಮಾತ್ರ ಮತ್ತೆ ನಿನ್ನ ಬೆನ್ನ ಹಿಂದೆ ಕೂತು ಚಿತ್ರ ಬಿಡಿಸುವವಳಾಗುತ್ತೇನೆ.

ನಿನ್ನನ್ನು ಬಿಟ್ಟು ಬೇರೆ ಮನೆ ಮಾಡಿದ ದಿನ ನಾನು ಎತ್ತಿಕೊಂಡು ಬಂದದ್ದು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಒಂದನ್ನೇ. ಅದರ ಮೇಲೆ ನೀನು ಕಾಫಿ ಲೋಟ ಇಡುತ್ತಿದ್ದೆ, ಆ ಉಂಗುರದ ಗುರುತು ಇನ್ನೂ ಹೋಗಿಲ್ಲ. ಆ ಮುದುಕನನ್ನು ಕಟ್ಟಿಕೊಂಡು ಏನು ಮಾಡುತ್ತೀಯ ಎಂದು ನೀನು ನಕ್ಕಿದ್ದೆ. ಆಗ ನನಗೂ ಉತ್ತರ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಗುಂಡನ ಫೈಲುಗಳು ತೆರೆಯಲಿಲ್ಲ. ಚಿತ್ರ ಬಿಡಿಸುವ ಸಾಫ್ಟ್‌ವೇರಿನ ವರ್ಷದ ಬಾಡಿಗೆ ಮುಗಿದಿತ್ತು, ಖಾತೆ ನಿನ್ನ ಹೆಸರಿನಲ್ಲಿತ್ತು. ನೀನು ಬೇಕೆಂದು ಮಾಡಿದ್ದಲ್ಲ. ಒಲೆ ಆರಿಸುವುದನ್ನೇ ಮರೆಯುವವನು ನೀನು. ಆದರೂ ಆ ಪರದೆಯ ಮುಂದೆ ಕೂತು ಅತ್ತುಬಿಟ್ಟೆ. ಇಷ್ಟು ವರ್ಷ ನನ್ನ ಕೈಯಿಂದಲೇ ಹುಟ್ಟಿದ ಬೆಕ್ಕು, ಅದನ್ನು ನೋಡಲು ನಾನು ಇನ್ನೊಬ್ಬರನ್ನು ಕೇಳಬೇಕು. ಕಣ್ಣು ಒರೆಸಿಕೊಂಡು ಎದ್ದವಳು, ಇನ್ನು ಮುಂದೆ ಕೇಳುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಹಾಗೆಂದು ಹಟಕ್ಕೆ ಬಿದ್ದು ಕಣ್ಣು ಮುಚ್ಚಿ ಯಾವುದೋ ಒಂದು ವ್ಯವಸ್ಥೆಯನ್ನು ಆರಿಸಿಕೊಳ್ಳಲಿಲ್ಲ. ನನ್ನ ಪರೀಕ್ಷೆ ನಿನಗೆ ಗೊತ್ತಲ್ಲ: ಗುಂಡನ ಎಡ ಮೀಸೆಯನ್ನು ಒಂದೇ ಎಳೆತದಲ್ಲಿ ಎಳೆಯುವುದು. ಪರದೆಯ ಮೇಲಿನ ಗೆರೆ ಕೈಯಲ್ಲಿನ ಪೆನ್ನಿನ ಜೊತೆಗೇ ಬರಬೇಕು, ಹಿಂದೆ ಬಿದ್ದು ಓಡಿ ಬರಬಾರದು. ಅಂಗಡಿಗೆ ಹೋಗಿ ಮ್ಯಾಕ್ ಮೇಲೆ ಎಳೆದೆ. ಸುಳ್ಳು ಯಾಕೆ ಹೇಳಲಿ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಅಂಗಡಿಯವನು ಕೊಳ್ಳುತ್ತೀರಾ ಎಂದ, ಮೀಸೆ ಬರೆಯಲು ಬಂದೆ ಎಂದೆ. ಮುದ್ರಣಾಲಯದ ಗೆಳತಿಯ ಹತ್ತಿರ ಹೊಸ ವಿಂಡೋಸ್ ಇದೆ, ಅಲ್ಲೂ ಮೀಸೆ ಚೆನ್ನಾಗಿಯೇ ಬಂತು. ಆದರೆ ಅದನ್ನು ಹೊರುವ ಕಸುವು ನನ್ನ ಮುದುಕನಿಗಿಲ್ಲ. ಕೊನೆಗೆ ಅವಳೇ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಕೊಟ್ಟಳು. ಯಾರ ಬಾಡಿಗೆಯೂ ಇಲ್ಲ, ಹಳೆಯ ಯಂತ್ರದ ಮೇಲೂ ಓಡುತ್ತದೆ. ಹಾಕಿದೆ. ಮೊದಲ ದಿನ ನನ್ನ ಪೆನ್ನು ಯಾರು ಎಂದೇ ಅದಕ್ಕೆ ಗೊತ್ತಾಗಲಿಲ್ಲ. ಮೀಸೆ ಹಾಗಿರಲಿ, ಒಂದು ಚುಕ್ಕಿಯೂ ಮೂಡಲಿಲ್ಲ.

ಈಗ ನೀನು ನಗುತ್ತಿದ್ದೀಯ. ನಗು. ಚಿತ್ರ ಬಿಡಿಸುವ ಪುಕ್ಕಟೆ ಸಾಫ್ಟ್‌ವೇರುಗಳು ಮ್ಯಾಕ್ ಮೇಲೂ ಓಡುತ್ತವಲ್ಲ ಎಂದೂ ಹೇಳುತ್ತೀಯ. ಓಡುತ್ತವೆ. ಆದರೆ ಆ ಮ್ಯಾಕ್ ಇರುವುದು ನಿನ್ನ ಕೋಣೆಯಲ್ಲಿ. ನನ್ನ ಮುದುಕ ಇರುವುದು ನನ್ನ ಕಿಟಕಿಯ ಪಕ್ಕ. ಒಂದು ವಾರ ತಲೆ ಚಚ್ಚಿಕೊಂಡು, ಎಲ್ಲೆಲ್ಲಿಯೋ ಓದಿ, ಗೊತ್ತಿಲ್ಲದವರನ್ನು ಕೇಳಿ ಪೆನ್ನನ್ನು ಯಂತ್ರಕ್ಕೆ ಪರಿಚಯಿಸುವ ಡ್ರೈವರ್ ಸಾಫ್ಟ್‌ವೇರ್ ಹುಡುಕಿ ಹಾಕಿದೆ. ಆಮೇಲೆ ಮೀಸೆ ಬಂತು. ಬೆಣ್ಣೆಯಂತೆ ಅಲ್ಲ, ಆದರೆ ಬಂತು, ಮತ್ತು ಯಾಕೆ ಬಂತು ಎಂದು ನನಗೆ ಗೊತ್ತು.

ಇನ್ನೊಂದು ಹೇಳಲೇಬೇಕು, ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಹೊಸ ವ್ಯವಸ್ಥೆ ಮೊದಲಿಗೆ ನಿಮ್ಮ ಹೆಸರೇನು ಎಂದು ಕೇಳುತ್ತದೆ. ನಮ್ಮ ಸ್ಟುಡಿಯೋದ ಯಂತ್ರಗಳೆಲ್ಲ ನಿನ್ನ ಹೆಸರಿನಲ್ಲೇ ತೆರೆಯುತ್ತಿದ್ದವಲ್ಲ, ಬೆರಳಿಗೆ ಅದೇ ಅಭ್ಯಾಸ. ಯೋಚಿಸದೆ ನಿನ್ನ ಹೆಸರು ಒತ್ತಿ ಮುಂದೆ ಹೋದೆ. ಎಲ್ಲ ಮುಗಿದ ಮೇಲೆ ನೋಡಿದರೆ ಸ್ವಾಗತದಲ್ಲಿ ನೀನು, ನನ್ನ ಚಿತ್ರಗಳೆಲ್ಲ ಕೂರಬೇಕಾದ ಫೋಲ್ಡರಿನ ಮೇಲೆ ನೀನು. ಆ ಹೆಸರನ್ನು ಬದಲಿಸುವ ದಾರಿ ಇದೆಯಂತೆ. ನಾನು ದಾರಿ ಹುಡುಕಲಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದೆ, ಪೆನ್ನಿನ ವಾರದ ಕೆಲಸವನ್ನೂ ಸೇರಿಸಿ. ಎರಡನೇ ಸಲ ಪೆನ್ನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಈಗ ಬೆಳಗ್ಗೆ ಎದ್ದು ಸ್ವಿಚ್ ಒತ್ತಿದರೆ ಯಂತ್ರ ನನ್ನನ್ನು ಕರೆಯುತ್ತದೆ. ಎಷ್ಟು ಖುಷಿಯಾಗುತ್ತದೆ ಎಂದರೆ ಒಮ್ಮೊಮ್ಮೆ ಸುಮ್ಮನೆ ಆರಿಸಿ ಮತ್ತೆ ಹಚ್ಚುತ್ತೇನೆ.

ನಿನ್ನ ಅಮ್ಮನಿಗೆ ಇದೆಲ್ಲ ಹೇಳಿದೆ. ಯಾವ ಕಂಪ್ಯೂಟರ್ ಆದರೂ ಇಟ್ಟುಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಷ್ಟೇ ಎಂದರು. ನಿನಗೂ ಅದನ್ನೇ ಹೇಳಿದ್ದಾರೆಂದು ಗೊತ್ತು.

ಆದ್ದರಿಂದ ನನ್ನ ಉತ್ತರ ಇಷ್ಟು. ಆ ಮ್ಯಾಕ್ ಅನ್ನು ಬೇರೆ ಯಾರಿಗಾದರೂ ಕೊಡು, ಕೆಲಸ ಗೊತ್ತಿರುವವರಿಗೆ. ನನ್ನ ಸಲುವಾಗಿ ಬಾಡಿಗೆ ಕಟ್ಟಿ ಹಳೆಯ ಫೈಲುಗಳನ್ನು ತೆರೆಸುವುದೂ ಬೇಡ. ಗುಂಡನನ್ನು ಹೊಸದಾಗಿ ಬಿಡಿಸಿದ್ದೇನೆ. ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದಾನೆ, ಮೆಟ್ಟಿಲು ಹತ್ತುವಾಗ ಹೊಟ್ಟೆ ಅಲುಗುತ್ತದೆ. ಮೇಡಂ ನೋಡಿ ಇವನೇ ಇರಲಿ ಎಂದರು. ಮುಂದಿನ ಶನಿವಾರ ಸಿನಿಮಾ ಕೊಡುತ್ತೇನೆ. ನಾನೇ ಕೊಡುತ್ತೇನೆ.

ಮುದುಕನ ಜೊತೆ ಸುಖವಾಗಿರುವ,
ನಿನ್ನ ಮಾಜಿ ಸಹಾಯಕಿ

ಮರೆತಿದ್ದೆ: ಹಳೆಯದರಲ್ಲಿ ಒಂದೇ ಒಂದು ಫೈಲು ಯಾರ ಅಪ್ಪಣೆಯನ್ನೂ ಕೇಳದೆ ತೆರೆಯಿತು. ಹೊರಗಿನ ಸದ್ದು ಬೀಳದಿರಲೆಂದು ಅಡುಗೆಮನೆಯಲ್ಲಿ ಹೊದಿಕೆ ಮುಚ್ಚಿಕೊಂಡು ನೀನು ಗುಂಡನಿಗಾಗಿ ಮ್ಯಾಂವ್ ಎಂದ ರೆಕಾರ್ಡಿಂಗ್. ಬೇರೆ ದನಿಗಳನ್ನು ಹಾಕಿ ನೋಡಿದೆ, ಯಾವುದೂ ಅವನ ಬಾಯಿಗೆ ಹೊಂದಲಿಲ್ಲ. ಸಿನಿಮಾದ ಕೊನೆಯ ಹೆಸರುಗಳ ಪಟ್ಟಿಯಲ್ಲಿ ಬೆಕ್ಕಿನ ದನಿ ಎಂದು ನಿನ್ನನ್ನು ಹಾಕಿದ್ದೇನೆ, ನನ್ನ ಹೆಸರಿನ ಕೆಳಗೆ. ಆ ಕೂಗಿನ ಹಿಂದೆ ನಾನು ನಗುವುದು ಸಣ್ಣಗೆ ಕೇಳಿಸುತ್ತದೆ. ಅಳಿಸಲೆಂದು ಕೂತೆ, ಈಗ ಆ ಕೆಲಸವೂ ನನಗೆ ಬರುತ್ತದೆ. ಅಳಿಸಲಿಲ್ಲ. ಮಕ್ಕಳಿಗೆ ಯಾರೋ ನಕ್ಕ ಹಾಗೆ ಅನ್ನಿಸುತ್ತದೆ, ಅಷ್ಟೆ. ಯಾರೆಂದು ನಿನಗೆ ಗೊತ್ತಾಗುತ್ತದೆ, ನೋಡಲು ಬಂದರೆ.