ಶನಿಯ ಸೊಟ್ಟ ಉಂಗುರ

ಶನಿವಾರ, ಮಧ್ಯಾಹ್ನ

ಪ್ರೀತಿಯ ಮರಿ,

ಅಮ್ಮ ಚೀಲ ಕೆಳಗಿಡುವ ಮೊದಲೇ ಈ ಪತ್ರ ನಿನ್ನ ಕೈಗೆ ಕೊಡಬೇಕು ಎಂದು ಹೇಳಿ ಕಳಿಸಿದ್ದೇನೆ. ನೀನು ಸೋಮವಾರದವರೆಗೆ ರಜೆಯಲ್ಲಿದ್ದೀಯ, ಬಸ್ ಓಡಿಸುವ ಗಡಿಬಿಡಿ ಇಲ್ಲ. ಕೂತು ಪೂರ್ತಿ ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅರ್ಧ ಕೇಳಿ ಪೂರ್ತಿ ಬೈಯುವವಳು. ಯಾರ ಮಗಳು ಎಂದು ಕೇಳುವ ಹಾಗೇ ಇಲ್ಲ. ಡಿಪೋದವರ ಜೊತೆ ನಿನ್ನ ಜಗಳದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ದೊಡ್ಡ ಸುದ್ದಿ. ನಾನು ಕ್ರೇನ್ ಹತ್ತುವುದನ್ನು ಬಿಟ್ಟೆ. ನನ್ನ ಬಲಗಣ್ಣು ಕೆಟ್ಟಿದೆ, ಹೋದದ್ದು ವಾಪಸ್ ಬರುವುದಿಲ್ಲವಂತೆ. ಈ ಎರಡು ಸಾಲು ಬರೆದು ಪೆನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ ಬಂದೆ. ಇನ್ನೂ ನಂಬಿಕೆಯೇ ಬರುತ್ತಿಲ್ಲ. ಸೈಟಿನಲ್ಲಿ ಎಲ್ಲರೂ ನನ್ನನ್ನು ಕರೆಯುತ್ತಿದ್ದದ್ದೇ ಹದ್ದು ಎಂದು. ಹದ್ದು ಈಗ ನೆಲದ ಮೇಲೆ ಕೂತು ನಿನಗೆ ಪತ್ರ ಬರೆಯುತ್ತಿದೆ.

ಎಲ್ಲ ಶುರುವಾದದ್ದು ಆ ಐಪೀಸಿನಿಂದ. ಹೋದ ಸಲ ಬಂದಾಗ ಹಿತ್ತಲಿನ ಟೆಲಿಸ್ಕೋಪಿನಲ್ಲಿ ಶನಿಗ್ರಹ ನೋಡಿ, "ಇದೇನಪ್ಪಾ, ಸಾಸಿವೆ ಕಾಳಿನಷ್ಟಿದೆ" ಎಂದು ಮೂಗು ಮುರಿದೆಯಲ್ಲ, ಅವತ್ತೇ ನನಗೆ ಹಟ ಹಿಡಿಯಿತು. ಕಣ್ಣಿಡುವ ಕಡೆ ಸಿಕ್ಕಿಸುವ ಆ ಪುಟ್ಟ ಮಸೂರ, ಅದೇ ಐಪೀಸ್, ಬದಲಿಸಿದರೆ ಸಾಕು, ಗ್ರಹ ದೊಡ್ಡದಾಗಿ ಕಾಣುತ್ತದೆ. ಅದರ ಮೇಲಿನ ಅಂಕಿ ಚಿಕ್ಕದಾದಷ್ಟೂ ನೋಟ ದೊಡ್ಡದು. ನಮ್ಮಲ್ಲಿದ್ದದ್ದು ಹತ್ತು ಮಿಲಿಮೀಟರಿನದು. ನನಗೆ ನಾಲ್ಕರದ್ದೇ ಬೇಕಿತ್ತು. ಅಂಗಡಿಯವನು, ಅದೇ ನಮ್ಮ ದಪ್ಪ ಕನ್ನಡಕ, ಬೇಡವೆಂದ. "ಅಷ್ಟು ದೊಡ್ಡದು ಮಾಡಿದ್ರೆ ಗಾಳಿ ನಡುಗೋದೂ ದೊಡ್ಡದಾಗೇ ಕಾಣತ್ತೆ ಸಾರ್. ಗ್ರಹ ಕುಣಿಯತ್ತೆ ಅಷ್ಟೆ. ಆರರದ್ದು ತಗೊಳ್ಳಿ, ದಿನಾ ಉಪಯೋಗಕ್ಕೆ ಬರತ್ತೆ." ಅವನ ಮಾತು ಕೇಳಿದೆ. ಕೇಳಿ ಮನೆಗೆ ಬಂದು ಅವನನ್ನೇ ಬೈದೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ನೋಡುವಾಗ ಯಾರೂ ಬಾಯಿ ಬಿಡುವಂತಿಲ್ಲ. ಎಲ್ಲರೂ ನೋಡಿ, ಕಂಡದ್ದನ್ನು ಚೀಟಿಯಲ್ಲಿ ಬಿಡಿಸಿ, ಆಮೇಲೇ ಚೀಟಿ ತೋರಿಸಬೇಕು. ಈಗ ಶನಿಯ ಉಂಗುರ ಅಂಚಿನ ಕಡೆಯಿಂದ ಕಾಣುವ ಕಾಲ. ಮಣಿಯೊಳಗೆ ಸೂಜಿ ತೂರಿಸಿದ ಹಾಗೆ ಒಂದೇ ಗೆರೆ. ಅಮ್ಮನ ಚೀಟಿಯಲ್ಲಿ ಗೆರೆ ನೆಟ್ಟಗಿತ್ತು. ನನ್ನದರಲ್ಲಿ ನಡುವೆ ತಗ್ಗು ಬಿದ್ದಿತ್ತು. ಮಸೂರದಲ್ಲೇ ದೋಷವಿದೆ, ನಿನಗೆ ನೋಡಲು ಬರುವುದಿಲ್ಲ ಎಂದು ಅಮ್ಮನಿಗೇ ಹೇಳಿದೆ. "ಇರಬಹುದು ಬಿಡಿ. ಬಟ್ಟೆ ಹೊಲಿಯೋಳು ನಾನು, ನೆಟ್ಟಗಿರೋದು ಯಾವುದು, ಸೊಟ್ಟಗಿರೋದು ಯಾವುದು ಅಂತ ನಂಗೇನು ಗೊತ್ತಾಗತ್ತೆ" ಎಂದು ಒಳಗೆ ಹೋದಳು.

ಐಪೀಸ್ ವಾಪಸ್ ಕೊಟ್ಟು ಬೇರೆ ತಂದೆ. ಅದರಲ್ಲೂ ಸೊಟ್ಟ. ಇನ್ನೊಂದು ತಂದೆ, ಅದೂ ಸೊಟ್ಟ. ಗಿರಾಕಿಗಳ ಎದುರೇ ಕೂಗಾಡಿ ದಪ್ಪ ಕನ್ನಡಕದ ಮಾನ ಕಳೆದೆ. ಪಾಪ, ಮಂಗಳವಾರ ಅಂಗಡಿ ಮುಚ್ಚಿದವನೇ ತನ್ನ ಸ್ವಂತದ ಐಪೀಸನ್ನು ಜೇಬಿಗೆ ಹಾಕಿಕೊಂಡು ನಮ್ಮ ಹಿತ್ತಲಿಗೇ ಬಂದ.

ಆಗಷ್ಟೇ ಕತ್ತಲಾಗಿತ್ತು. ಅವನು ನೋಡಿ ನೆಟ್ಟಗಿದೆ ಎಂದ. ನಾನು ನೋಡಿ ಸೊಟ್ಟಗಿದೆ ಎಂದೆ. "ತಿರುಪು ಸಡಿಲ ಮಾಡಿ ಐಪೀಸನ್ನ ಮೆಲ್ಲಗೆ ತಿರುಗಿಸಿ ಸಾರ್. ದೋಷ ಅದರಲ್ಲೇ ಇದ್ರೆ ತಗ್ಗೂ ಅದರ ಜೊತೆ ತಿರುಗತ್ತೆ" ಎಂದ. ತಿರುಗಿಸಿದೆ. ತಗ್ಗು ಇದ್ದಲ್ಲೇ ಇತ್ತು. ಹಾಗಾದರೆ ಟೆಲಿಸ್ಕೋಪಿನ ಒಳಗಿನ ಕನ್ನಡಿಯೇ ಕೆಟ್ಟಿರಬೇಕು ಎಂದೆ. ಅವನು ತಿರುಪು ಮತ್ತೆ ಬಿಗಿಮಾಡಿ, "ಈಗ ಎಡಗಣ್ಣಲ್ಲಿ ನೋಡಿ" ಎಂದ.

ಎಡಗಣ್ಣಿನಲ್ಲಿ ಉಂಗುರ ನೆಟ್ಟಗಿತ್ತು, ಮರಿ.

ಎಡಗಣ್ಣು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲ ಕಡೆ ತಿರುಗಿದೆ. ನಾನೇ ದಾರಕ್ಕೆ ಗುಂಡು ಕಟ್ಟಿ, ಇಳಿಬಿಟ್ಟು ನೋಡಿ ನಿಲ್ಲಿಸಿದ ಚೌಕಟ್ಟು ಅದು. ದೀಪದ ಬೆಳಕಿನಲ್ಲಿ ನಡುವೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಅಲ್ಲಿ ನಿಂತಿದ್ದ ಅಮ್ಮನ ಮುಖದಲ್ಲಿ ಮೂಗೇ ಇರಲಿಲ್ಲ. ಬಲಗಣ್ಣು ಮುಚ್ಚಿದೆ, ಮೂಗು ಬಂತು. ಮತ್ತೆ ಎಡಗಣ್ಣು ಮುಚ್ಚಿದೆ, ಹೋಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಆಕಾಶದಲ್ಲಿ ಕೂತು ಕೆಲಸ ಮಾಡಿದವನಿಗೆ ನಮ್ಮ ಹಿತ್ತಲಿನಲ್ಲಿ ಅಷ್ಟು ಹೆದರಿಕೆಯಾಯಿತು.

ಮರುದಿನ ಕಣ್ಣಿನ ಡಾಕ್ಟರಮ್ಮ ನೋಡಿದರು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆಯಂತೆ. ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟದ್ದರ ಮಾನ ಕಾಪಾಡುತ್ತದೆ, ಅದಕ್ಕೇ ಗೊತ್ತಾಗಲಿಲ್ಲ. ಟೆಲಿಸ್ಕೋಪ್ ಮಾತ್ರ ಒಂದೇ ಕಣ್ಣನ್ನು ಕರೆದು ವಿಚಾರಿಸಿತು. ನನ್ನ ಕೆಲಸ ಏನೆಂದು ಕೇಳಿದರು, ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. "ಇನ್ನು ಹತ್ತಲೇಬೇಡಿ" ಎಂದರು.

ಹೋದ ವಾರ ಒಂದು ಕಬ್ಬಿಣದ ತೊಲೆ ಇಳಿಸುವಾಗ, ಕೆಳಗೆ ನಿಂತು ಕೈಸನ್ನೆ ಮಾಡುವವನ ಹೆಲ್ಮೆಟ್ಟಿಗೆ ಅದು ಉಜ್ಜಿಕೊಂಡು ಹೋಗಿತ್ತು. "ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ?" ಎಂದು ಮೇಲಿನಿಂದ ನಾನೇ ಅವನಿಗೆ ಕೂಗಿದ್ದೆ! ಗುರುವಾರ ಮೇಲ್ವಿಚಾರಕರ ಮೇಜಿನ ಮೇಲೆ ಕ್ರೇನ್ ಕ್ಯಾಬಿನ್ನಿನ ಬೀಗದ ಕೈ ಇಟ್ಟು, ಕ್ಷಮೆ ಕೇಳಲು ಸೀದಾ ಆ ಕೈಸನ್ನೆಯವನ ಹತ್ತಿರ ಹೋದೆ. ಅವನೇ ನನಗೆ ಚಹಾ ಕುಡಿಸಿ ಕಳಿಸಿದ.

ಮನೆಯಲ್ಲಿ ಮೊದಲು ಯಾರಿಗಾದರೂ ಹೀಗಾಗಿತ್ತೇ ಎಂದೂ ಡಾಕ್ಟರಮ್ಮ ಕೇಳಿದ್ದರು. ಇಲ್ಲ ಎನ್ನಲು ಬಾಯಿ ತೆರೆದವನಿಗೆ ನನ್ನಮ್ಮ, ನಿನ್ನ ಅಜ್ಜಿ, ನೆನಪಾದಳು. ಈ ಮನೆ ಕಟ್ಟುವಾಗ ಗೋಡೆ ಸೊಟ್ಟಗಿದೆ ಎಂದು ಮೇಸ್ತ್ರಿಯ ಪ್ರಾಣ ತಿಂದಳಲ್ಲ? ಪಾಪದವನು ಎರಡು ಸಲ ಕೆಡವಿ ಕಟ್ಟಿದ. ಮುದುಕಿಗೆ ಅರಳುಮರಳು ಎಂದು ನಾವೆಲ್ಲ ನಕ್ಕೆವು. ಗೋಡೆ ಇವತ್ತಿಗೂ ನೆಟ್ಟಗಿದೆ.

ನನ್ನ ಹೊಟ್ಟೆಪಾಡಿನ ಚಿಂತೆ ಬೇಡ, ಸೈಟಿನ ಸ್ಟೋರಿನಲ್ಲಿ ಕೆಲಸ ಕೊಡುತ್ತಾರೆ. ಶನಿ ಹೆಗಲೇರಿತು ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ಯಾರ ತಲೆಯ ಮೇಲೂ ತೊಲೆ ಬೀಳುವ ಮೊದಲು ನನ್ನನ್ನು ಕೆಳಗಿಳಿಸಿದ್ದು ಆ ಶನಿಯೇ. ಆರರ ಐಪೀಸನ್ನು ಇಟ್ಟುಕೊಂಡಿದ್ದೇನೆ, ಎಡಗಣ್ಣಿಗೆ ಈಗ ಅಭ್ಯಾಸ ಮಾಡಿಸಬೇಕು. ಅಮ್ಮನ ಎದುರು ಅಳಬೇಡ, ಅವಳು ದಾರಿಯುದ್ದಕ್ಕೂ ಅತ್ತುಕೊಂಡೇ ಬಂದಿರುತ್ತಾಳೆ.

ನೆಲಕ್ಕಿಳಿದ ಹದ್ದು,
ನಿನ್ನ ಅಪ್ಪ

ತಾ.ಕ.: ನಿನ್ನ ಹಳೆಯ ಪತ್ರವನ್ನು ನಿನ್ನೆ ಮತ್ತೆ ತೆಗೆದು ಓದಿದೆ. ಹೊಸ ಬಸ್ಸಿನ ಮುಂಗಾಜಿನಲ್ಲಿ ಅಲೆಯಿದೆ, ಎದುರು ಬಿಸಿಲಿಗೆ ಒಂದು ಕಣ್ಣು ಮುಚ್ಚಿದಾಗಲೆಲ್ಲ ರಸ್ತೆಯ ಬಿಳಿ ಗೆರೆ ಬಾಗುತ್ತದೆ, ಡಿಪೋದವರು ಎರಡು ಸಲ ಗಾಜು ಬದಲಿಸಿದರೂ ಹೋಗಲಿಲ್ಲ, ಎಲ್ಲ ಕಳ್ಳರು ಎಂದು ಬರೆದಿದ್ದೀಯ. ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಬೇಗ ಗೊತ್ತಾದರೆ ಕಣ್ಣು ಉಳಿಸಿಕೊಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಈಗಲೇ ಎದ್ದು ಕಿಟಕಿಯ ಸರಳುಗಳ ಮುಂದೆ ನಿಲ್ಲು. ಒಂದು ಕಣ್ಣು ಮುಚ್ಚಿ ನೋಡು, ಆಮೇಲೆ ಇನ್ನೊಂದು. ಈ ಸಲ ನಮ್ಮ ಮನೆಯ ಪದ್ಧತಿ ಬೇಡ, ಕಂಡ ತಕ್ಷಣ ಬಾಯಿ ಬಿಟ್ಟು ಹೇಳು. ಫೋನು ಕೈಯಲ್ಲೇ ಹಿಡಿದು ಕೂತಿರುತ್ತೇನೆ.